ಮಳಖೇಡವೂ ಪರವಿಚಾರ ಸಹನೆಯೂ

ಪಾಶ್ಚಾತ್ಯ ರಾಜ್ಯಶಾಸ್ತ್ರದಲ್ಲಿ ‘ಲಿಬರಲಿಸಂ’ ಎಂದು ಹೆಸರಾಗಿ, ನಮ್ಮಲ್ಲಿ ಉದಾರವಾದವೆಂದು ಕರೆಯಲ್ಪಡುವ ತತ್ತ್ವದ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಇಂಗ್ಲೆಂಡಿನ ಜಾನ್ ಲಾಕನಿಂದ ಆರಂಭಿಸಿ, ಫ್ರಾನ್ಸಿನ ಮಾಂಟೆಸ್ಕ್ಯೂ ವಾಲ್ಟೇರರನ್ನು ಹಾದು, ಜಾನ್ ಸ್ಟೂಅರ್ಟ್ ಮಿಲ್ಲನಲ್ಲಿಗೆ ಬಂದು ನಿಲ್ಲುವರು. ಆ ಹಾದಿಯನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಅನ್ಯರ ವಿಚಾರವನ್ನೂ ಅನ್ಯರ ಧರ್ಮವನ್ನೂ ಸೈರಿಸಿಕೊಳ್ಳಬೇಕೆಂಬ ಮಾತು ಕನ್ನಡದಲ್ಲಿ ಲಾಕನಿಗಿಂತ ಎಂಟುನೂರು ವರ್ಷಗಳಷ್ಟು ಹಿಂದೆಯೇ ಹುಟ್ಟಿತ್ತು. ಅದು ಹುಟ್ಟಿದ ಅರಮನೆ ಮಳಖೇಡದಲ್ಲಿತ್ತು. ಹೀಗಿರಲಾಗಿ, ಉದಾರವಾದದ ತವರು ನಮ್ಮ ಮಳಖೇಡವೆಂದು ಹೇಳಿಬಿಡಬಹುದೆ? ಹಾಗೆ ಹೇಳುವವರೂ ಉಂಟು. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಕೊಂಚ ನಿಧಾನವಾಗಿ ವಿಚಾರಮಾಡೋಣ.

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲಿನಲ್ಲಿ ಚಿತ್ತಾಪುರವನ್ನು ದಾಟಿದ ಮೇಲೆ, ಸೇಡಂ ಬರುವುದಕ್ಕೆ ಮೊದಲು, ಮಳಖೇಡ ರೋಡ್ ಎಂಬ ನಿಲ್ದಾಣವಿದೆ. ಸುತ್ತಲೂ ಶಹಾಬಾದಿನ ಕಲ್ಲೆಂದು ದೇಶದಲ್ಲೆಲ್ಲ ಪ್ರಸಿದ್ಧವಾದ ಪದರುಗಲ್ಲಿನ ಸೀಮೆ. ಇದೇ ಸುಣ್ಣಗಲ್ಲನ್ನು ನಂಬಿ ವಾಡಿಯಲ್ಲಿಯೂ ಮಳಖೇಡದ ಸಮೀಪದಲ್ಲಿಯೂ ಸಿಮೆಂಟಿನ ಕಾರ್ಖಾನೆಗಳು ಎದ್ದಿವೆ. ಊರು ಕಾಗಿಣಾ ನದಿಯ ದಡದಲ್ಲಿದೆ. ಮುರಿದ ಕೋಟೆ, ನೇಮಿನಾಥನ ಬಸದಿ, ಮಾಧ್ವರು ಪೂಜ್ಯವೆಂದು ಭಾವಿಸುವ ಉತ್ತರಾದಿ ಮಠ, ಇವಿಷ್ಟು ಈಗ ನೋಡತಕ್ಕವು. ಒಂಬತ್ತನೆಯ ಶತಮಾನದಲ್ಲಿ ಇದು ಮಾನ್ಯಖೇಟ. ನರ್ಮದೆಯಿಂದ ತುಂಗಭದ್ರೆಯ ಆಚೆಯವರೆಗೂ ಕೈಚಾಚಿದ್ದ ರಾಷ್ಟ್ರಕೂಟರ ರಾಜಧಾನಿ. ದೇವತೆಗಳ ಪಟ್ಟಣವೇ ಇದರ ಮುಂದೆ ತಲೆತಗ್ಗಿಸುವಂತೆ ಅಮೋಘವರ್ಷನು ಇದನ್ನು ಕಟ್ಟಿಸಿದನೆಂದು ಆ ವಂಶದ ಮುಂದಿನ ತಾಮ್ರಶಾಸನಗಳು ಹೊಗಳುತ್ತವೆ. ಶಾಸನಕವಿಗಳ ಹೊಗಳಿಕೆಗೆ ಒಂದಷ್ಟು ಕಡಿತ ಕೊಡುವುದು ವಾಡಿಕೆ. ಆದರೂ ಇಲ್ಲಿ ನಡೆದ ವಿದ್ಯಾವ್ಯವಸಾಯವನ್ನು ನೋಡಿದರೆ ಹೆಚ್ಚು ಕಡಿಯುವಂತಿಲ್ಲ.

ಅಮೋಘವರ್ಷ ನೃಪತುಂಗನು ೮೧೪ರ ಸುಮಾರಿಗೆ ಇನ್ನೂ ಬಾಲಕನಾಗಿದ್ದಾಗಲೇ ಸಿಂಹಾಸನವನ್ನೇರಿ, ದಂಗೆಗಳಲ್ಲಿ ಒಮ್ಮೆ ಅದನ್ನು ಕಳೆದುಕೊಂಡು, ಗುಜರಾತಿನ ಶಾಖೆಯ ಕರ್ಕನ ಸಹಾಯದಿಂದ ಮರಳಿ ಪಡೆದು, ೮೭೮ರವರೆಗೆ, ಎಂದರೆ ಅರವತ್ತು ವರ್ಷಗಳಿಗೂ ಮೀರಿ ಆಳಿದನು. ‘ಕವಿರಾಜಮಾರ್ಗ’ವು ಇವನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ. ೧೮೯೮ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚುಮಾಡಿಸಿದಂದಿನಿಂದ, ಅದನ್ನು ಬರೆದವನು ನೃಪತುಂಗನೋ ಅವನ ಸಭಾಸದನಾದ ಶ್ರೀವಿಜಯನೋ ಎಂಬ ವಾದವು ವಿದ್ವಾಂಸರಲ್ಲಿ ಬಹುಕಾಲ ನಡೆದು, ಈಗ ಶ್ರೀವಿಜಯನ ಕಡೆಗೇ ತಕ್ಕಡಿ ವಾಲಿದೆ. ಗ್ರಂಥವೇನೋ ಅಲಂಕಾರಶಾಸ್ತ್ರ. ದಂಡಿಯ ‘ಕಾವ್ಯಾದರ್ಶ’ವನ್ನು ಬಹಳಮಟ್ಟಿಗೆ ಆಧಾರವಾಗಿಟ್ಟುಕೊಂಡು ಕಾವ್ಯದ ಗುಣದೋಷಗಳನ್ನು ವಿವರಿಸುವುದು ಅದರ ಉದ್ದೇಶ. ರಾಜ್ಯಶಾಸ್ತ್ರವನ್ನು ಹುಡುಕಿಕೊಂಡು ಅದರ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಅಂಥಲ್ಲಿ ಆ ಮಾತು ಸಿಕ್ಕುತ್ತದೆ.

ಆ ಮಾತಿನ ತಾತ್ಪರ್ಯವಿಷ್ಟು: ಪರರ ವಿಚಾರವನ್ನೂ ಪರರ ಧರ್ಮವನ್ನೂ ಚೆನ್ನಾಗಿ ಸೈರಿಸಲು ಶಕ್ತನಾದರೆ ಅದೇ ಮನುಷ್ಯನಿಗೆ ನಿಜವಾದ ಬಂಗಾರ. ಬಂಗಾರಕ್ಕೆ ಅಲ್ಲಿ ‘ಕಸವರ’ವೆಂಬ ಹಳಗನ್ನಡ ಪದವಿದೆ. ಶ್ರೋತೃಗಳು ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕೆಂದು ನಮ್ಮ ಅಪೇಕ್ಷೆ. ಧರ್ಮವೊಂದನ್ನೇ ಹೇಳಿದ್ದರೆ ಅದು ಮತಗಳ ನಡುವಣ ಸೌಹಾರ್ದದ ಮಾತಾಗುತ್ತಿತ್ತು. ಗ್ರಂಥಕಾರನು ವಿಚಾರವನ್ನು ಧರ್ಮದಿಂದ ಬೇರೆಯಾಗಿ ಹೆಸರಿಟ್ಟು ಹೇಳಿದ್ದಾನೆ. ಒಬ್ಬನ ದೇವರನ್ನು ಸೈರಿಸುವುದು ಒಂದು ಬಗೆ. ಅವನ ಅಭಿಪ್ರಾಯವನ್ನು ಸೈರಿಸುವುದು ಇನ್ನೊಂದು ಬಗೆ, ಮತ್ತು ಹಲವು ವೇಳೆ ಹೆಚ್ಚು ಕಷ್ಟವಾದ ಬಗೆ. ಇನ್ನು ‘ಸೈರಿಸು’ ಎಂಬ ಕ್ರಿಯಾಪದ. ಒಪ್ಪಿಕೊ ಎನ್ನಲಿಲ್ಲ, ಮೆಚ್ಚು ಎನ್ನಲಿಲ್ಲ. ಸೈರಣೆ ಬೇಕಾಗುವುದು ಹಿಡಿಸದ ವಸ್ತುವಿಗೆ ಮಾತ್ರವೇ ಅಲ್ಲವೆ? ತನಗೆ ಸಮ್ಮತವಾದದ್ದನ್ನು ಸೈರಿಸುವುದಕ್ಕೆ ಯಾರಿಗೂ ಬಂಗಾರದ ಬೆಲೆ ಕೊಡಬೇಕಾಗಿಲ್ಲ.

ಇದೇ ಗ್ರಂಥಕಾರನು ಭಾಷೆಯ ವಿಷಯದಲ್ಲಿಯೂ ಇದೇ ಮನೋಧರ್ಮವನ್ನು ತೋರಿಸಿದ್ದಾನೆ. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡಿನಲ್ಲಿ ಕನ್ನಡಗಳು ಹಲವು. ಅವುಗಳ ದೋಷಗಳನ್ನು ಇಷ್ಟೇ ಎಂದು ಎಣಿಸಿ ತೀರ್ಮಾನಿಸಲು ಹೊರಟರೆ ವಾಸುಕಿಗೂ ಬೇಸರವಾದೀತೆಂದು ಅವನು ಹೇಳುತ್ತಾನೆ. ಲಕ್ಷಣಗ್ರಂಥವನ್ನು ಬರೆಯಲು ಕುಳಿತವನು, ನಿಯಮ ಹೇಳುವುದೇ ಕಸುಬಾದವನು, ನಿಯಮಕ್ಕೆ ಸಿಕ್ಕದ ವೈವಿಧ್ಯವಿದೆಯೆಂದು ಒಪ್ಪಿಕೊಳ್ಳುವುದು ಸಣ್ಣ ವಿಷಯವಲ್ಲ.

ಈ ಮಾತು ಪುಸ್ತಕದಲ್ಲಿಯೇ ಉಳಿದಿತ್ತೋ, ನಡೆಯಲ್ಲಿಯೂ ಇತ್ತೋ? ಇದಕ್ಕೆ ಸಾಕ್ಷಿ ಹೇಳುವವರು ಹೊರಗಿನವರು. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ, ೮೫೧ರಲ್ಲಿ ಸಿದ್ಧವಾದ ಅರಬ್ಬೀ ವೃತ್ತಾಂತವು ಲೋಕದ ನಾಲ್ವರು ಮಹಾರಾಜರನ್ನು ಎಣಿಸುತ್ತ ಬಾಗ್ದಾದಿನ ಖಲೀಫ, ಚೀನದ ಅರಸು, ರೋಮಿನವರೆಂದು ಅವರು ಕರೆಯುತ್ತಿದ್ದ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ, ಇವರ ಸಾಲಿನಲ್ಲಿ ‘ಬಲ್ಹರಾ’ನನ್ನು ಸೇರಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ; ರಾಷ್ಟ್ರಕೂಟರ ಬಿರುದು. ಆಗ ಪಟ್ಟದಲ್ಲಿದ್ದವನು ಅಮೋಘವರ್ಷನೇ. ಅರಬ್ಬರಿಗೆ ಅಷ್ಟು ಪ್ರೀತಿ ತೋರಿಸುವ ದೊರೆ ಬೇರೊಬ್ಬನಿಲ್ಲವೆಂಬುದು ಆ ವೃತ್ತಾಂತದ ಅಭಿಪ್ರಾಯ. ಅರವತ್ತು ಚಿಲ್ಲರೆ ವರ್ಷಗಳ ತರುವಾಯ ಅಲ್ ಮಸೂದಿಯೆಂಬ ಪ್ರಸಿದ್ಧ ಚರಿತ್ರಕಾರನು ಪಶ್ಚಿಮ ಕರಾವಳಿಗೆ ತಾನೇ ಬಂದು ನೋಡಿದನು. ಈಗ ಚೌಲ್ ಎನ್ನುವ ಸೈಮೂರಿನಲ್ಲಿ ಆಗ ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದರು. ಕೆಲವರು ಇಲ್ಲಿಯೇ ಹುಟ್ಟಿದವರು, ಕೆಲವರು ಓಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದು ನೆಲೆಸಿದವರು. ಅವರ ವ್ಯವಹಾರಗಳನ್ನು ಅವರ ಶಾಸ್ತ್ರದಂತೆಯೇ ತೀರ್ಮಾನಿಸಲು ಅವರಲ್ಲೊಬ್ಬನನ್ನು ರಾಜನೇ ಮುಖ್ಯಸ್ಥನನ್ನಾಗಿ ನೇಮಿಸುತ್ತಿದ್ದನು. ಮಸೀದಿಗಳು ಬಹಿರಂಗವಾಗಿ ನಡೆಯುತ್ತಿದ್ದುವು.

ಪ್ರವಾಸಿಗಳ ಮಾತು ಅತಿಶಯೋಕ್ತಿಯಿರಬಹುದೆಂದು ಶಂಕಿಸುವವರಿಗೆ ತಾಮ್ರದಲ್ಲಿ ಕೊರೆದ ಸಾಕ್ಷಿಯಿದೆ. ಮಹಾರಾಷ್ಟ್ರದ ಕರಾವಳಿಯ ಚಿಂಚಣಿಯಲ್ಲಿ ದೊರೆತ, ಮುಮ್ಮಡಿ ಇಂದ್ರನ ಕಾಲದ, ಶಕ ೮೪೮ರ, ಎಂದರೆ ಕ್ರಿ. ಶ. ೯೨೬ರ ಶಾಸನವು ಅಪೂರ್ವವಾದದ್ದು. ಸಂಯಾನವೆಂಬ ರೇವುಪಟ್ಟಣವನ್ನೂ ಅದರ ಮಂಡಲವನ್ನೂ ಆಳಲು ರಾಷ್ಟ್ರಕೂಟ ದೊರೆ ನೇಮಿಸಿದ್ದವನ ಹೆಸರು ಮಧುಮತಿ, ‘ತಾಜಿಕ’ ಕುಲದವನು. ತಾಜಿಕರೆಂದರೆ ಅರಬರು, ಮಧುಮತಿಯೆಂಬುದು ಮಹಮ್ಮದನೆಂಬ ಹೆಸರಿನ ಸಂಸ್ಕೃತರೂಪ. ಈತನು ನದಿಗಳಲ್ಲಿ ಪ್ರಯಾಣಿಕರಿಗೆ ದೋಣಿ ನಡೆಯಿಸಿದನು, ಅನ್ನಸತ್ರವನ್ನು ಇಡಿಸಿದನು. ಬ್ರಾಹ್ಮಣನೊಬ್ಬನು ಕಟ್ಟಿಸಿದ ದೇವಿಯ ಮಠಕ್ಕೆ ಚಕ್ರವರ್ತಿಯ ಅನುಮತಿ ಪಡೆದು ಭೂಮಿಯನ್ನು ದಾನಮಾಡಿದ ಸಂದರ್ಭದಲ್ಲಿ ಈ ಶಾಸನ ಹುಟ್ಟಿತು. ಕನ್ನಡ ಚಕ್ರವರ್ತಿಯ ಕೈಕೆಳಗೆ ಅರಬ ಮಂಡಲಾಧಿಪತಿ, ಅವನ ಕೈಯಿಂದ ದೇವಿಗೆ ದತ್ತಿ, ಅದು ಸಂಸ್ಕೃತದಲ್ಲಿ! ಇದಕ್ಕೆ ಟೀಕೆ ಬರೆಯುವ ಅಗತ್ಯವಿಲ್ಲ.

ಅರಸನ ಸ್ವಂತ ಬಾಳೂ ಹೀಗೆಯೇ ಒಂದು ಮತದ ಗೆರೆಯೊಳಗೆ ನಿಂತದ್ದಲ್ಲ. ‘ಆದಿಪುರಾಣ’ವನ್ನು ಸಂಸ್ಕೃತದಲ್ಲಿ ಬರೆದ ಜಿನಸೇನಾಚಾರ್ಯರು ಅವನಿಗೆ ಗುರುಗಳೆಂದು ಅವರ ಶಿಷ್ಯ ಗುಣಭದ್ರರು ಹೇಳಿದ್ದಾರೆ. ‘ಗಣಿತಸಾರಸಂಗ್ರಹ’ದ ಮಹಾವೀರಾಚಾರ್ಯರು ಅವನನ್ನು ಸ್ಯಾದ್ವಾದದ ಅನುಯಾಯಿಯೆಂದು ಕೊಂಡಾಡಿದ್ದಾರೆ. ಅದೇ ಅರಸನು ಪ್ರಜೆಗಳಿಗೆ ಒದಗಿದ್ದ ಉಪದ್ರವವನ್ನು ಶಮನಮಾಡಲು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ೮೭೧ರ ಸಂಜಾನ್ ಶಾಸನವು ಹೇಳುತ್ತದೆ. ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಣ್ಣ ನೀತಿಗ್ರಂಥವನ್ನು ಜೈನರು ಅಮೋಘವರ್ಷನದೆಂದರೆ, ಬೇರೆ ಪರಂಪರೆಯವರು ಶಂಕರಾಚಾರ್ಯರದೆನ್ನುತ್ತಾರೆ; ಅದರ ಟಿಬೆಟ್ಟಿನ ಭಾಷಾಂತರವೊಂದೂ ಉಂಟು. ಸ್ಯಾದ್ವಾದವೆಂಬುದು ವಸ್ತುವಿಗೆ ಅನೇಕ ಮುಖಗಳಿವೆ, ಯಾವ ಒಂದು ಹೇಳಿಕೆಯೂ ಒಂದು ದೃಷ್ಟಿಯಿಂದ ಮಾತ್ರ ಸತ್ಯ ಎಂಬ ವಾದ. ಅದನ್ನು ನಂಬಿದವನಿಗೆ ಪರವಿಚಾರ ಸಹನೆಯು ದಾಕ್ಷಿಣ್ಯದಿಂದ ಬರತಕ್ಕದ್ದಲ್ಲ, ತರ್ಕದಿಂದಲೇ ಬರತಕ್ಕದ್ದು.

ಈ ಸೀಮೆಗೆ ಈ ಮಾತು ಅಮೋಘವರ್ಷನ ಕಾಲದಲ್ಲಿಯೂ ಹೊಸದಲ್ಲವೆಂಬುದು ಈಚೆಗೆ ತಿಳಿದುಬಂದಿದೆ. ಕಾಗಿಣಾ ನದಿ ಭೀಮೆಯನ್ನು ಸೇರುತ್ತದೆ. ಆ ಭೀಮಾತೀರದಲ್ಲಿ, ಚಿತ್ತಾಪುರ ತಾಲ್ಲೂಕಿನಲ್ಲಿ, ಸನ್ನತಿಯೆಂಬ ಗ್ರಾಮವಿದೆ. ೧೯೮೬ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದು, ವಿಗ್ರಹವು ಭಗ್ನವಾಯಿತು. ಪೀಠಕ್ಕೆ ಹಾಸಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡುವು. ಅಶೋಕನ ಶಾಸನ! ಅವನ ಹದಿನಾಲ್ಕು ಬಂಡೆಶಾಸನಗಳಲ್ಲಿ ಹನ್ನೆರಡನೆಯದೂ ಹದಿನಾಲ್ಕನೆಯದೂ ಕಳಿಂಗದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಹನ್ನೆರಡನೆಯದರ ವಿಷಯವೇ ಪರಮತಗೌರವ. ತನ್ನ ಪಂಥವನ್ನು ಹೊಗಳಿ ಪರರದನ್ನು ನಿಂದಿಸುವವನು ತನ್ನ ಪಂಥಕ್ಕೇ ಕೇಡುಮಾಡುತ್ತಾನೆ, ಆದುದರಿಂದ ನಾಲಗೆಯನ್ನು ಹಿಡಿತದಲ್ಲಿಟ್ಟುಕೊಂಡು ಪರರ ಧರ್ಮವನ್ನು ಕೇಳಿ ತಿಳಿಯಬೇಕು ಎಂಬುದು ಅದರ ಸಾರ. ಶ್ರೀವಿಜಯನು ಈ ಕಲ್ಲನ್ನು ಕಂಡಿದ್ದನೆಂದು ಹೇಳಲು ಆಧಾರವಿಲ್ಲ. ಅವನ ಕಾಲಕ್ಕೆ ಬ್ರಾಹ್ಮಿಯನ್ನು ಓದುವವರೂ ಇರಲಿಲ್ಲ.

ಇಷ್ಟನ್ನು ಹೇಳಿದಮೇಲೆ ಎದೆಯುಬ್ಬಿಸಿಕೊಳ್ಳುವುದು ಸುಲಭ. ಆದರೆ ಇನ್ನೊಂದು ಪಕ್ಷವನ್ನೂ ನೋಡಬೇಕು. ವೆಂಗಿಯ ಚಾಲುಕ್ಯರನ್ನು ವಿಂಗವಳ್ಳಿಯಲ್ಲಿ ಯಮನಿಗೆ ಔತಣವಿಟ್ಟಂತೆ ಕೊಂದುದನ್ನು ಹೆಮ್ಮೆಯಿಂದ ಹೇಳಿಕೊಂಡವರೂ ಇದೇ ರಾಷ್ಟ್ರಕೂಟರು. ಯುದ್ಧದ ಮಾತನ್ನು ಬಿಟ್ಟರೂ ಮೂಲವಾದ ಪ್ರಶ್ನೆಯೊಂದು ಉಳಿಯುತ್ತದೆ. ಅರಸನು ಸೈರಿಸಿದನು, ಸರಿ. ಸೈರಿಸದಿದ್ದರೆ? ಅಶೋಕನ ಶಾಸನವೂ ಕವಿರಾಜಮಾರ್ಗದ ಮಾತೂ ಸಹನೆಯನ್ನು ಸೈರಿಸುವವನ ಸದ್ಗುಣವನ್ನಾಗಿ ಕಾಣುತ್ತವೆಯೇ ಹೊರತು, ಸೈರಣೆಗೆ ಪಾತ್ರನಾದವನ ಹಕ್ಕನ್ನಾಗಿ ಕಾಣುವುದಿಲ್ಲ. ಸದ್ಗುಣಕ್ಕೆ ವಾರಸುದಾರಿಕೆಯಿಲ್ಲ. ತಂದೆಯಲ್ಲಿದ್ದುದು ಮಗನಲ್ಲಿರುತ್ತದೆಂದು ಹೇಳುವುದಕ್ಕಾಗದು. ಸಿಂಹಾಸನವೇ ಉರುಳಿದರೆ ಕೇಳಬೇಕಾದದ್ದೇ ಇಲ್ಲ. ಪುಷ್ಪದಂತನೆಂಬ ಅಪಭ್ರಂಶ ಕವಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಶೈವ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಜೈನನಾದ ಈತನು ರಾಜಾಶ್ರಯವನ್ನು ಜುಗುಪ್ಸೆಯಿಂದ ಕಂಡವನು. ಆದರೂ ಮಾನ್ಯಖೇಟಕ್ಕೆ ಬಂದು, ಮುಮ್ಮಡಿ ಕೃಷ್ಣನ ಮಂತ್ರಿ ಭರತನ ಒತ್ತಾಯಕ್ಕೆ ಮಣಿದು, ೯೫೯ರಿಂದ ೯೬೫ರವರೆಗೆ ‘ಮಹಾಪುರಾಣ’ವನ್ನು ರಚಿಸಿದನು. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಬಂದು ನಗರವನ್ನು ಸೂರೆಮಾಡಿದನು. ಧಾರಾನಗರದ ದೊರೆಯ ಕೋಪಾಗ್ನಿಯಲ್ಲಿ ಮಾನ್ಯಖೇಟ ಬೆಂದುಹೋಯಿತು, ಇನ್ನು ಪುಷ್ಪದಂತನು ಎಲ್ಲಿ ವಾಸಮಾಡಬೇಕು ಎಂದು ಕವಿ ಕೇಳಿಕೊಂಡಿದ್ದಾನೆ. ಮರುವರ್ಷವೇ ತೈಲಪನು ರಾಷ್ಟ್ರಕೂಟ ವಂಶವನ್ನು ಕೊನೆಗಾಣಿಸಿದನು.

ಲಾಕನು ಕೈಹಾಕಿದ್ದು ಈ ಪ್ರಶ್ನೆಗೆ. ಅವನೂ ನೆಲೆತಪ್ಪಿದವನೇ. ೧೬೮೩ರಲ್ಲಿ ಇಂಗ್ಲೆಂಡನ್ನು ಬಿಟ್ಟು ಹಾಲೆಂಡಿನಲ್ಲಿ ತಲೆಮರೆಸಿಕೊಂಡಿದ್ದನು. ೧೬೮೫ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ, ತನ್ನ ಅಜ್ಜನು ಪ್ರಾಟೆಸ್ಟೆಂಟರಿಗೆ ಕೊಟ್ಟಿದ್ದ ನಾಂಟಿನ ಶಾಸನವನ್ನು ರದ್ದುಮಾಡಿದನು. ಅರಸನ ಕೃಪೆಯನ್ನು ಅರಸನ ಮೊಮ್ಮಗನು ಹಿಂದಕ್ಕೆ ತೆಗೆದುಕೊಂಡಂತಾಯಿತು. ಲಕ್ಷಾಂತರ ಜನ ದೇಶವನ್ನು ಬಿಟ್ಟರು. ಆ ಸಮಯದಲ್ಲಿಯೇ ಲಾಕನು ಲ್ಯಾಟಿನ್ನಿನಲ್ಲಿ ಬರೆದ ಸಹಿಷ್ಣುತೆಯ ವಿಷಯವಾದ ಪತ್ರವು ೧೬೮೯ರಲ್ಲಿ ಅಚ್ಚಾಯಿತು. ಅವನ ವಾದ ಸದ್ಗುಣದಿಂದ ಹೊರಡುವುದಿಲ್ಲ. ಪ್ರಭುತ್ವವು ಏತಕ್ಕಾಗಿ ಇದೆ ಎಂಬುದರಿಂದ ಹೊರಡುತ್ತದೆ. ಜನರ ಪ್ರಾಣ, ಸ್ವಾತಂತ್ರ್ಯ, ಸ್ವತ್ತುಗಳ ರಕ್ಷಣೆಗಾಗಿ ಸರ್ಕಾರವಿದೆ. ಆತ್ಮದ ಉದ್ಧಾರವನ್ನು ಯಾರೂ ಅದಕ್ಕೆ ವಹಿಸಿಕೊಟ್ಟಿಲ್ಲ, ಕೊಡಲೂ ಸಾಧ್ಯವಿಲ್ಲ. ನಂಬಿಕೆಯೆಂಬುದು ಒಳಗಿನದು; ಖಡ್ಗದಿಂದ ಬಾಯಿ ಮುಚ್ಚಿಸಬಹುದು, ನಂಬಿಸಲಾಗದು. ಹೀಗೆಂದಮೇಲೆ ದೊರೆ ಸೈರಿಸುವುದು ದೊಡ್ಡತನವಲ್ಲ, ತನ್ನದಲ್ಲದ ಮನೆಗೆ ನುಗ್ಗದಿರುವುದಷ್ಟೆ. ಮಳಖೇಡಕ್ಕೂ ಲಾಕನಿಗೂ ಇರುವ ಅಂತರ ಇದೇ. ಅದು ಸಣ್ಣದಲ್ಲ.

ಆದರೆ ಲಾಕನ ಮನೆಯ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ದೇವರಿಲ್ಲವೆನ್ನುವವರ ಪ್ರಮಾಣವಚನಕ್ಕೆ ಬೆಲೆಯಿಲ್ಲವೆಂದು ಅವರನ್ನೂ, ಪರದೇಶದ ಪ್ರಭುವಿಗೆ ನಿಷ್ಠೆಯುಳ್ಳವರೆಂದು ಮುಖ್ಯವಾಗಿ ಪೋಪನ ಅನುಯಾಯಿಗಳನ್ನೂ ಅವನು ಹೊರಗಿಟ್ಟನು. ಬೇರೆ ದೇಶದ, ಬೇರೆ ಮತದ ತಾಜಿಕನ ಕೈಗೆ ಒಂದು ಮಂಡಲವನ್ನೇ ಒಪ್ಪಿಸಿದ ರಾಷ್ಟ್ರಕೂಟ ದೊರೆ ಈ ಭಾಗವನ್ನು ಓದಿದ್ದರೆ ನಕ್ಕಿರಬಹುದು. ತತ್ತ್ವದಲ್ಲಿ ಲಾಕನು ಮುಂದೆ, ನಡೆಯಲ್ಲಿ ಮಳಖೇಡ ಮುಂದೆ ಎನ್ನೋಣವೆ?

ಸೈರಣೆಯು ಗುಣವಾಗಿಯೇ ಉಳಿಯದೆ ಕಟ್ಟಳೆಯಾಗಬೇಕೆಂಬುದನ್ನು ಕನ್ನಡನಾಡು ತಾನಾಗಿಯೇ ಕಂಡುಕೊಂಡ ಒಂದು ನಿದರ್ಶನವಿದೆ. ರಾಷ್ಟ್ರಕೂಟರ ಅನಂತರ ಮತಮತಗಳ ವಾದ ಬರಬರುತ್ತ ಬಿರುಸಾಯಿತು. ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ ಜಿನಬಿಂಬವನ್ನು ಒಡೆದ ಕಥೆಯನ್ನು ಅಬ್ಬಲೂರಿನ ಶಾಸನ ಹೇಳುತ್ತದೆ. ೧೩೬೮ರಲ್ಲಿ ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರುಕೊಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ನಮಗೆ ಹೆಚ್ಚು ಮುಖ್ಯವೆಂದು ತೋರುವುದು ಶಾಸನದ ಮುಂದಿನ ಭಾಗ. ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ಆ ಹಣದಿಂದ ಶ್ರವಣಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ವೈಷ್ಣವರ ಕಡೆಯಿಂದಲೇ ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಕಟ್ಟಳೆಯನ್ನು ಮುರಿದವನು ರಾಜದ್ರೋಹಿ. ರಕ್ಷಣೆ ಪಡೆಯುವವನೇ ಅದಕ್ಕೆ ಹಣ ತೆರಬೇಕಾದುದು ಇಂದಿನ ಕಣ್ಣಿಗೆ ಅಷ್ಟು ಚೆಂದವಲ್ಲ. ಆದರೂ ಇಲ್ಲಿ ಉಪದೇಶದ ಜೊತೆಗೆ ಲೆಕ್ಕವಿದೆ, ಕಾವಲಿದೆ, ಶಿಕ್ಷೆಯಿದೆ. ಲಾಕನಿಗೆ ಮುನ್ನೂರು ವರ್ಷ ಮೊದಲು!

ಮಿಲ್ಲನ ಮಾತನ್ನು ಎತ್ತುವುದಕ್ಕೆ ಬೇರೊಂದು ಕಾರಣವಿದೆ. ಅವನು ೧೮೨೩ರಿಂದ ೧೮೫೮ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯ ನೌಕರ. ದೇಶೀಯ ಸಂಸ್ಥಾನಗಳೊಡನೆ ನಡೆಯುವ ಪತ್ರವ್ಯವಹಾರದ ಕರಡುಗಳನ್ನು ಬರೆಯುವುದು ಬಹುಕಾಲ ಅವನ ಕೆಲಸವಾಗಿತ್ತು. ಕೆಲಸ ಬಿಟ್ಟ ಮರುವರ್ಷ, ೧೮೫೯ರಲ್ಲಿ, ಸ್ವಾತಂತ್ರ್ಯವನ್ನು ಕುರಿತ ಅವನ ಗ್ರಂಥ ಹೊರಬಂದಿತು. ಅದರಲ್ಲಿ ಅವನು ಭಯಪಟ್ಟದ್ದು ಅರಸನಿಗಲ್ಲ, ನೆರೆಹೊರೆಗೆ. ಬಹುಜನರ ಅಭಿಪ್ರಾಯವು ಕಾನೂನಿನ ಹಂಗಿಲ್ಲದೆಯೇ ಒಬ್ಬನ ಬಾಯಿ ಕಟ್ಟಬಲ್ಲದು. ಅದುಮಿದ ಅಭಿಪ್ರಾಯ ನಿಜವಾಗಿದ್ದರೆ ನಾವು ಸತ್ಯವನ್ನು ಕಳೆದುಕೊಂಡೆವು. ಅರ್ಧ ನಿಜವಾಗಿದ್ದರೆ ಆ ಅರ್ಧವನ್ನು ಕಳೆದುಕೊಂಡೆವು. ಪೂರ್ತಿ ಸುಳ್ಳಾಗಿದ್ದರೂ ಅದರೊಡನೆ ಹೋರಾಡದ ನಮ್ಮ ಸತ್ಯವು ಬರಿಯ ಬಾಯಿಪಾಠವಾಯಿತು. ಇಲ್ಲಿಗೆ ಬಂದಾಗ ಸ್ಯಾದ್ವಾದಿಗಳಿಗೆ ಪರಿಚಿತವಾದ ಧ್ವನಿ ಕೇಳಿಬರುತ್ತದೆ. ಕವಿರಾಜಮಾರ್ಗದ ಮಾತೂ ಅರಸನಿಗೆಂದೇ ಹೇಳಿದ್ದಲ್ಲ, ಯಾವನಾದರೂ ಮನುಷ್ಯನಿಗೆ ಹೇಳಿದ್ದು. ಈ ಒಂದು ಅಂಶದಲ್ಲಿ ಅದು ಲಾಕನಿಗಿಂತ ಮಿಲ್ಲನಿಗೆ ಹೆಚ್ಚು ಹತ್ತಿರ. ವಿಚಿತ್ರವೆಂದರೆ, ಇದೇ ಮಿಲ್ಲನು ತನ್ನ ತತ್ತ್ವವು ಇನ್ನೂ ಪ್ರೌಢಾವಸ್ಥೆಗೆ ಬಾರದ ಜನಾಂಗಗಳಿಗೆ ಅನ್ವಯಿಸದೆಂದೂ, ಅಂಥವರಿಗೆ ಅಕ್ಬರನಂಥ ಅಥವಾ ಷಾರ್ಲ್ಮೇನನಂಥ ದೊರೆ ದೊರೆತರೆ ವಿಧೇಯರಾಗಿರುವುದೇ ಭಾಗ್ಯವೆಂದೂ ಬರೆದನು. ಮೂವತ್ತೈದು ವರ್ಷ ಹಿಂದೂದೇಶದ ಕಾಗದಗಳನ್ನು ತಿರುವಿದವನಿಗೆ ಈ ದೇಶದಲ್ಲಿ ಪರವಿಚಾರದ ಮಾತನ್ನು ಯಾರಾದರೂ ಆಡಿದ್ದಾರೆಯೇ ಎಂದು ಕೇಳಬೇಕೆನಿಸಲಿಲ್ಲ. ಕವಿರಾಜಮಾರ್ಗ ಆಗಿನ್ನೂ ತಾಳೆಗರಿಯಲ್ಲಿತ್ತು, ನಿಜ. ಆದರೆ ಅಶೋಕನ ಶಾಸನಗಳನ್ನು ಪ್ರಿನ್ಸೆಪ್ಪನು ೧೮೩೭ರಲ್ಲಿಯೇ ಓದಿಯಾಗಿತ್ತು.

ಮಿಲ್ಲನ ಈ ವರ್ಜನೆಯನ್ನು ಮಿಲ್ಲನ ತರ್ಕದಿಂದಲೇ ಖಂಡಿಸಿದವರು ರಾನಡೆ, ಗೋಖಲೆ ಮೊದಲಾದ ನಮ್ಮ ಉದಾರಪಕ್ಷದವರು. ಕನ್ನಡದಲ್ಲಿ ಆ ಪರಂಪರೆಯನ್ನು ಬಾಳಿನ ಕೊನೆಯವರೆಗೆ ಹಿಡಿದು ನಡೆದವರು ಡಿ. ವಿ. ಗುಂಡಪ್ಪನವರು. ಬೆಂಗಳೂರಿನಲ್ಲಿ ೧೯೪೫ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಹೆಸರಿನಲ್ಲಿ ‘ವಿಚಾರ’ವೆಂಬ ಮಾತು ಬಂದಿರುವುದನ್ನು ಗಮನಿಸಬಹುದು.

ಮಳಖೇಡವು ೧೯೪೮ರ ಸೆಪ್ಟೆಂಬರ್ ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಸೇಡಂ, ಚಿತ್ತಾಪುರ, ಚಿಂಚೋಳಿಗಳೊಡನೆ ಕನ್ನಡ ರಾಜ್ಯಕ್ಕೆ ಬಂದು ಸೇರಿತು. ನಡುವೆ ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ಹತ್ತೊಂಬತ್ತನೆಯ ವಿಧಿಯಲ್ಲಿ ಮಾತಿನ ಸ್ವಾತಂತ್ರ್ಯವನ್ನೂ ಇಪ್ಪತ್ತೈದನೆಯದರಲ್ಲಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಹಕ್ಕಾಗಿ ಕೊಟ್ಟಿತು. ಲಾಕನು ಕೇಳಿದ್ದು ಮಳಖೇಡಕ್ಕೆ ಹೀಗೆ ದೊರೆಯಿತು: ಇನ್ನು ಯಾವ ಪುಷ್ಪದಂತನೂ ಅರಸನ ಮುಖವನ್ನು ನೋಡಬೇಕಾಗಿಲ್ಲ. ಮಿಲ್ಲನು ಕೇಳಿದ್ದನ್ನು ಯಾವ ವಿಧಿಯೂ ಕೊಡಲಾರದು. ೨೦೧೫ರ ಆಗಸ್ಟ್ ೩೦ರ ಬೆಳಗ್ಗೆ ಧಾರವಾಡದಲ್ಲಿ ಶಾಸನ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಿನಲ್ಲಿಯೇ ಗುಂಡಿಟ್ಟು ಕೊಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ವಚನಕಾರರ ವಿಷಯದಲ್ಲಿ ಅವರು ಆಡಿದ ಮಾತುಗಳು ಹಿಂದೆಯೇ ಕೆಲವರಿಗೆ ಹಿಡಿಸದೆ, ಒತ್ತಾಯಕ್ಕೆ ಒಳಗಾಗಿ ಕೆಲವನ್ನು ಹಿಂತೆಗೆದುಕೊಳ್ಳಬೇಕಾಗಿಯೂ ಬಂದಿತ್ತು. ತಮ್ಮ ಸಂಶೋಧನ ಲೇಖನಗಳ ಸಂಪುಟಗಳಿಗೆ ಅವರು ಇಟ್ಟ ಹೆಸರು ‘ಮಾರ್ಗ’. ಅವರ ಡಾಕ್ಟರೇಟ್ ಪ್ರಬಂಧದ ವಿಷಯವು ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ.